ಯುಪಿಐ ಚಕ್ರ ತಿರುಗುವಾಗ ಅಂಗಾಲು ಏನು ಹೇಳುತ್ತದೆ: ಮನೆಯಲ್ಲೇ ಕಟ್ಟಿದ ಅಳತೆ ಪೆಟ್ಟಿಗೆ

ಯಾವ ಆ್ಯಪ್ ಬಳಸಿದರೂ ಕೊನೆಗೆ ಐದು ನಕ್ಷತ್ರ ತೋರಿಸಿ "ಹೇಗಿತ್ತು?" ಅಂತ ಕೇಳುತ್ತದೆ. ನಮ್ಮ ಮನೆಯಲ್ಲಿ ಅಪ್ಪ ಎಲ್ಲದಕ್ಕೂ ಮೂರು ಒತ್ತುತ್ತಾರೆ. ಅಮ್ಮ ಎಲ್ಲದಕ್ಕೂ ಐದು. ಅಕ್ಕ ಆ ಪರದೆಯನ್ನು ಓದುವುದೇ ಇಲ್ಲ. ಇದರಿಂದ ಯಾರಿಗೆ ಏನು ತಿಳಿಯುತ್ತದೋ ಗೊತ್ತಿಲ್ಲ. ಫೋನಿನಲ್ಲಿ ದುಡ್ಡು ಕಳಿಸುವಾಗ ಮೈಯಲ್ಲಿ ನಿಜಕ್ಕೂ ಏನಾಗುತ್ತದೆ, ಯಾವ ಗಳಿಗೆಯಲ್ಲಿ ಆಗುತ್ತದೆ ಅಂತ ನೋಡೋಣ ಅನಿಸಿತು. ಅದಕ್ಕೇ ಈ ಪೆಟ್ಟಿಗೆ: ಚರ್ಮದ ಬೆವರನ್ನೂ ನಾಡಿಯನ್ನೂ ಒಟ್ಟಿಗೆ ಅಳೆದು ಎಸ್‌ಡಿ ಕಾರ್ಡಿಗೆ ಬರೆಯುವ ಪೆಟ್ಟಿಗೆ. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕವು. ಎಲೆಕ್ಟ್ರೋಡು ಮಾತ್ರ ಮೆಡಿಕಲ್ ಶಾಪಿನಿಂದ ತಂದದ್ದು.

ತತ್ವ ಸರಳ. ಅಂಗೈ ಮತ್ತು ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಮೈಯ ಬೇರೆ ಕಡೆಗಿಂತ ಬಹಳ ದಟ್ಟವಾಗಿವೆ. ಸೆಕೆಗಿಂತ ಜಾಸ್ತಿ ಅವು ಮನಸ್ಸಿನ ಗಾಬರಿ, ಉತ್ಸಾಹ, ಎಚ್ಚರಕ್ಕೆ ಓಗೊಡುತ್ತವೆ. ಅವನ್ನು ನಡೆಸುವ ನರಮಂಡಲ ನಮ್ಮ ಮಾತು ಕೇಳುವುದಿಲ್ಲ. ಗ್ರಂಥಿಯೊಳಗೆ ಬೆವರು ಏರಿದರೆ ಸಾಕು, ಹೊರಗೆ ಕಾಣಿಸದಿದ್ದರೂ ಚರ್ಮದಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. 1888ರಲ್ಲೇ ಫ್ರಾನ್ಸಿನ ವೈದ್ಯ ಶಾರ್ಲ್ ಫೆರೆ ಇದನ್ನು ಗಮನಿಸಿ ಬರೆದಿದ್ದ. ಅಳತೆಯ ಘಟಕ ಮೈಕ್ರೋಸೀಮನ್ಸ್. ಸುಮ್ನೆ ಕೂತವರಲ್ಲಿ ಸಾಮಾನ್ಯವಾಗಿ 2ರಿಂದ 20ರವರೆಗೆ ಇರುತ್ತದೆ. ಏನಾದರೂ ಆದಾಗ, ಆದ 1ರಿಂದ 3 ಸೆಕೆಂಡಿನ ನಂತರ, ಅದರ ಮೇಲೊಂದು ಸಣ್ಣ ಗುಡ್ಡ ಏಳುತ್ತದೆ. ಈ ತಡವನ್ನು ನೆನಪಿಡಿ, ಮುಂದೆ ಇದೇ ತಲೆನೋವು.

ಸರ್ಕ್ಯೂಟ್

ಚರ್ಮದ ಮೇಲೆ ಸ್ಥಿರವಾಗಿ 0.5 ವೋಲ್ಟ್ ಹಾಕಿ ಎಷ್ಟು ಕರೆಂಟು ಹರಿಯುತ್ತದೆ ಅಂತ ನೋಡುವುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಕ್ರಮ. ಅರ್ಧ ವೋಲ್ಟಿಗಿಂತ ಜಾಸ್ತಿ ಹಾಕುವ ಅಗತ್ಯವಿಲ್ಲ. 3.3 ವೋಲ್ಟಿನಿಂದ 56ಕೆ ಮತ್ತು 10ಕೆ (ಕೆ ಅಂದರೆ ಸಾವಿರ ಓಮ್) ರೆಸಿಸ್ಟರ್ ಜೋಡಿಸಿದರೆ ನಡುವೆ ಸರಿಯಾಗಿ 0.5 ಸಿಗುತ್ತದೆ. ಅದನ್ನು ಎಂಸಿಪಿ6002 ಆಪ್-ಆಂಪಿನ (ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಚಿಪ್ಪು) ಪ್ಲಸ್ ಕಾಲಿಗೆ ಕೊಟ್ಟೆ. ಮೈನಸ್ ಕಾಲಿಗೆ ಒಂದು ಎಲೆಕ್ಟ್ರೋಡು, ಇನ್ನೊಂದು ಎಲೆಕ್ಟ್ರೋಡು ಗ್ರೌಂಡಿಗೆ. ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ 100ಕೆ. ಆಗ ಒಂದೊಂದು ಮೈಕ್ರೋಸೀಮನ್ಸಿಗೂ ಔಟ್‌ಪುಟ್ 0.05 ವೋಲ್ಟ್ ಏರುತ್ತದೆ. ಲೆಕ್ಕ ಬಾಯಲ್ಲೇ ಮಾಡಬಹುದು.

ಆ 100ಕೆಗೆ ಅಡ್ಡಲಾಗಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಮರೆಯಬೇಡಿ. ಮನೆ ತುಂಬ 50 ಹರ್ಟ್ಸ್ ಗುಂಯ್‌ಗುಟ್ಟುತ್ತಿರುತ್ತದೆ, ಮನುಷ್ಯನ ಮೈ ಅದಕ್ಕೆ ಒಳ್ಳೆ ಆಂಟೆನಾ. ಈ ಕೆಪಾಸಿಟರ್ ಇದ್ದರೆ 1.6 ಹರ್ಟ್ಸಿಗಿಂತ ವೇಗದ್ದೆಲ್ಲ ಇಳಿಯುತ್ತಾ ಹೋಗಿ 50 ಹರ್ಟ್ಸ್ ಗದ್ದಲ ಸುಮಾರು ಮೂವತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ, ನಮಗೆ ಬೇಕಾದ ಸಿಗ್ನಲ್ ಹೇಗೂ ನಿಧಾನದ್ದು, ಅದಕ್ಕೇನೂ ಆಗುವುದಿಲ್ಲ.

ಪೆಟ್ಟಿಗೆಯನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು ಇಎಸ್‌ಪಿ32. ಓದುವುದಕ್ಕೆ ಅದರೊಳಗಿನ ಎಡಿಸಿ (ವೋಲ್ಟನ್ನು ಅಂಕಿಯಾಗಿ ಬದಲಿಸುವ ಭಾಗ) ಬೇಡ. ಅದು ಎರಡೂ ತುದಿಯಲ್ಲಿ ಸೊಟ್ಟಗೆ ಅಳೆಯುತ್ತದೆ. 16 ಬಿಟ್‌ನ ಎಡಿಎಸ್1115 ಹಾಕಿ, ಔಟ್‌ಪುಟ್ ಮತ್ತು 0.5 ವೋಲ್ಟ್ ಎರಡರ ವ್ಯತ್ಯಾಸವನ್ನು ಓದಿಸಿದೆ. 2.048 ವೋಲ್ಟ್ ರೇಂಜಿನಲ್ಲಿ ಒಂದು ಹೆಜ್ಜೆ ಅಂದರೆ 62.5 ಮೈಕ್ರೋವೋಲ್ಟ್, ಅಂದರೆ 0.00125 ಮೈಕ್ರೋಸೀಮನ್ಸ್. 0.05ರಷ್ಟು ಏರಿದರೆ ಮಾತ್ರ ಅದನ್ನು ಗುಡ್ಡ ಅಂತ ಎಣಿಸುವುದರಿಂದ ಇದು ಬೇಕಾದಷ್ಟಾಯಿತು. ಸೆಕೆಂಡಿಗೆ 20 ಸಲ ಓದಿದರೆ ಸಾಕು.

ಎಲೆಕ್ಟ್ರೋಡಿನ ವೈರಿನಲ್ಲಿ ಸರಣಿಯಾಗಿ ಒಂದು 10ಕೆ ಇದೆ. ಆಪ್-ಆಂಪ್ ಸುಟ್ಟು ಪೂರ್ತಿ 3.3 ವೋಲ್ಟ್ ಎಲೆಕ್ಟ್ರೋಡಿಗೆ ಬಂದರೂ ಮೈಯಲ್ಲಿ ಮೂರನೇ ಒಂದು ಮಿಲಿಆಂಪಿಗಿಂತ ಜಾಸ್ತಿ ಹರಿಯದಿರಲಿ ಅಂತ. ಆದರೆ ಈ 10ಕೆ ಅಳತೆಯಲ್ಲೂ ಸೇರಿಕೊಳ್ಳುತ್ತದೆ, ಕೋಡಿನಲ್ಲಿ ಕಳೆಯಬೇಕು. ಸರಿ ಇದೆಯಾ ಅಂತ ನೋಡಲು ಮನುಷ್ಯರ ಬದಲು ಮೊದಲು ರೆಸಿಸ್ಟರ್ ಸಿಕ್ಕಿಸಿ: 1 ಮೆಗಾಓಮ್ ಅಂದರೆ 1 ಮೈಕ್ರೋಸೀಮನ್ಸ್ ಬರಬೇಕು, 100ಕೆ ಹಾಕಿದರೆ 10, 47ಕೆ ಹಾಕಿದರೆ 21.3. ಮೂರೂ ಸರಿ ಬಂದವು.

ಬ್ಯಾಟರಿ

ಮೈಗೆ ವೈರ್ ಅಂಟಿಸಿದ ಮೇಲೆ ಆ ಪೆಟ್ಟಿಗೆಗೂ ಗೋಡೆಯ ಸಾಕೆಟ್ಟಿಗೂ ಯಾವ ಸಂಬಂಧವೂ ಇರಬಾರದು. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಕೂಡ ಬೇಡ. ಕೂತವರ ಕೈಯಲ್ಲಿರುವ ಫೋನು ಕೂಡ ಚಾರ್ಜರಿನಲ್ಲಿ ಇರಬಾರದು. ಪೇಸ್‌ಮೇಕರ್ ಇರುವವರ ಮೇಲೆ ಇದನ್ನು ಬಳಸಲೇಬೇಡಿ.

ಪವರ್ ಬ್ಯಾಂಕ್ ಸುಲಭ ಅನಿಸುತ್ತದೆ, ಅಲ್ವಾ? ವೈಫೈ ಆಫ್ ಮಾಡಿದ ಇಎಸ್‌ಪಿ32 ಎಷ್ಟು ಕಡಿಮೆ ಕರೆಂಟು ತಿನ್ನುತ್ತದೆ ಅಂದರೆ, ನನ್ನ ಪವರ್ ಬ್ಯಾಂಕ್ "ಏನೂ ಸಿಕ್ಕಿಸಿಲ್ಲ" ಅಂದುಕೊಂಡು ಅರ್ಧ ನಿಮಿಷದಲ್ಲಿ ತಾನೇ ಮಲಗುತ್ತಿತ್ತು. ಸುಮ್ನೆ ಕರೆಂಟು ತಿನ್ನಲಿ ಅಂತ ಒಂದು ರೆಸಿಸ್ಟರ್ ಹಾಕುವವರಿದ್ದಾರೆ. ನನಗೆ ಬಿಸಿ ಬೇಡವಾಗಿತ್ತು. ಒಂದು 18650 ಲಿಥಿಯಂ ಸೆಲ್ ಹಾಕಿದೆ. ಅದನ್ನು ಬೋರ್ಡಿನ 5 ವೋಲ್ಟ್ ಪಿನ್ನಿಗೆ ಕೊಟ್ಟರೆ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿರುವ ಎಎಂಎಸ್1117 ರೆಗ್ಯುಲೇಟರ್ ತಾನೇ ಒಂದು ವೋಲ್ಟಿಗೂ ಜಾಸ್ತಿ ನುಂಗುತ್ತದೆ, 3.7ರಲ್ಲಿ ಅದನ್ನು ಕಳೆದರೆ ಉಳಿಯುವುದು ಏನು? ಎಂಸಿಪಿ1700ರ 3.3 ವೋಲ್ಟ್ ರೆಗ್ಯುಲೇಟರ್ ತಂದು ನೇರವಾಗಿ 3.3 ಪಿನ್ನಿಗೆ ಕೊಟ್ಟೆ. ಆಮೇಲೆ ತೊಂದರೆ ಇಲ್ಲ.

ನಾಡಿ ಸೆನ್ಸರಿನ ರಿಪೇರಿ

ನಾಡಿಗೆ ಮ್ಯಾಕ್ಸ್30102. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬಿಟ್ಟು, ರಕ್ತದ ಒಂದೊಂದು ಬಡಿತಕ್ಕೂ ಮರಳುವ ಬೆಳಕು ಎಷ್ಟು ಬದಲಾಯಿತು ಅಂತ ನೋಡುತ್ತದೆ. ಅಗ್ಗದ ಬೋರ್ಡು. ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ವೈರ್ ಅಲ್ಲಾಡಿಸಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ಸೋಲ್ಡರ್ ಬಿಟ್ಟಿದೆಯೇನೋ ಅಂತ ಯಾರಿಗಾದರೂ ಅನಿಸುವುದು ಸಹಜ. ಮಲ್ಟಿಮೀಟರ್ ಹಿಡಿದಾಗ ಡೇಟಾ ಲೈನಿನಲ್ಲಿ ಸುಮಾರು 2.3 ವೋಲ್ಟ್ ಕಂಡಿತು. 3.3 ಇರಬೇಕಾದ ಜಾಗ ಅದು.

ಕಾರಣ ಹೀಗೆ. ಈ ಜಾತಿಯ ಕೆಲವು ಬೋರ್ಡುಗಳಲ್ಲಿ ಐ2ಸಿ ಲೈನುಗಳನ್ನು (ಚಿಪ್ಪುಗಳು ಒಂದಕ್ಕೊಂದು ಮಾತಾಡುವ ಎರಡು ತಂತಿ) ಮೇಲಕ್ಕೆ ಎಳೆದು ಹಿಡಿಯುವ 4.7ಕೆ ರೆಸಿಸ್ಟರುಗಳು 3.3ಕ್ಕೆ ಬದಲು ಚಿಪ್ಪಿನ ಒಳಗಿನ 1.8 ವೋಲ್ಟಿಗೆ ಸೇರಿರುತ್ತವೆ. ಎಡಿಎಸ್1115 ಬೋರ್ಡಿನಲ್ಲಿರುವ 10ಕೆಗಳು ಅದೇ ಲೈನನ್ನು 3.3ರ ಕಡೆ ಎಳೆಯುತ್ತವೆ. ಈ ಹಗ್ಗಜಗ್ಗಾಟದಲ್ಲಿ ಲೈನು 2.28 ವೋಲ್ಟಿನಲ್ಲಿ ನಿಲ್ಲುತ್ತದೆ. ಇಎಸ್‌ಪಿ32ಕ್ಕೆ "ಒಂದು" ಅಂತ ಖಾತ್ರಿಯಾಗಲು ಪೂರೈಕೆಯ ಮುಕ್ಕಾಲು ಭಾಗ, ಅಂದರೆ 2.48 ವೋಲ್ಟ್ ಬೇಕು. ಹಾಗಾಗಿ ಅದೃಷ್ಟ ಇದ್ದಾಗ ಮಾತ್ರ ಕೆಲಸ. 472 ಅಂತ ಬರೆದಿರುವ ಮೂರು ಪುಟ್ಟ ರೆಸಿಸ್ಟರುಗಳನ್ನು ಸೋಲ್ಡರಿಂಗ್ ಐರನ್ ತುದಿಯಲ್ಲಿ ಎರಡೂ ಬದಿ ಬಿಸಿ ಮಾಡಿ ಎತ್ತಿ ತೆಗೆದೆ. ಹೊರಗಿನಿಂದ 4.7ಕೆ ಎರಡನ್ನು 3.3ಕ್ಕೆ ಹಾಕಿದೆ. ಆವತ್ತಿನಿಂದ ಒಂದು ಸಲವೂ ಕೈಕೊಟ್ಟಿಲ್ಲ. ನಿಮ್ಮ ಬೋರ್ಡು ಹೀಗೆ ಆಡುತ್ತಿದ್ದರೆ ಎಸೆಯುವ ಮೊದಲು ಇದನ್ನು ನೋಡಿ.

ಎಲ್ಲಿ ಅಂಟಿಸುವುದು

ಪುಸ್ತಕದಲ್ಲಿ ಇರುವುದು ಬಲಗೈಯವರಿಗೆ ಎಡಗೈಯ ಎರಡು ಬೆರಳು. ಕಂಪ್ಯೂಟರ್ ಮುಂದೆ ಮೌಸ್ ಹಿಡಿದು ಕೂರುವವರಿಗೆ ಅದು ಸರಿ. ಫೋನು ಬಳಸುವವರಿಗೆ ಎರಡೂ ಕೈ ಬೇಕು, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಒತ್ತುತ್ತಾರೆ. ಹಿಡಿತ ಬದಲಿಸಿದಾಗಲೆಲ್ಲ ಗ್ರಾಫಿನಲ್ಲಿ ಸುಳ್ಳು ಗುಡ್ಡಗಳು ಏಳುತ್ತವೆ. ಇದಕ್ಕೆ ಪರಿಹಾರ ಪಾದ. ಪಾದದ ಒಳಬದಿ, ಹಿಮ್ಮಡಿ ಮತ್ತು ಹೆಬ್ಬೆರಳಿನ ನಡುವಿನ ಕಮಾನಿನ ಹತ್ತಿರ, ಕೈಗೆ ಪರ್ಯಾಯವಾಗಿ ಸಂಶೋಧಕರೂ ಬಳಸುವ ಜಾಗ. ನಮ್ಮಲ್ಲಿ ಮನೆಯೊಳಗೆ ಹೇಗೂ ಬರಿಗಾಲು. ಕಾಲನ್ನು ಸ್ಟೂಲಿನ ಮೇಲೆ ಇಟ್ಟು ಅಲ್ಲಾಡಿಸದೆ ಕೂರಬೇಕು ಅಷ್ಟೇ. "ಇದೇನೋ, ಕಾಲಿಗೆ ವೈರ್ ಕಟ್ಟಿ ಫೋನ್ ಒತ್ತು ಅಂತೀಯಾ?" ಅಂದರು ಅಮ್ಮ. ಆದರೂ ಕೂತರು.

ಎಲೆಕ್ಟ್ರೋಡು ಇಸಿಜಿಯವು, ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನವು. ಅವುಗಳ ಜೆಲ್ಲಿನಲ್ಲಿ ಉಪ್ಪು ಜಾಸ್ತಿ, ಈ ಕೆಲಸಕ್ಕೆ ಬೆವರಿನಷ್ಟೇ ಉಪ್ಪಿರುವ ಜೆಲ್ ಇರಬೇಕು. ಸಿಗಲಿಲ್ಲ. ಅದಕ್ಕೇ ಎರಡು ನಿಯಮ ಇಟ್ಟುಕೊಂಡೆ: ಅಂಟಿಸಿ ಹತ್ತು ನಿಮಿಷ ಕಾಯುವುದು, ಮತ್ತು ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಗೆ ಹೋಲಿಸದೇ ಇರುವುದು. ಅಂಟಿಸುವ ಮೊದಲು ಸ್ಪಿರಿಟ್ ಹಾಕಿ ಒರೆಸಬೇಡಿ, ಚರ್ಮ ಒಣಗುತ್ತದೆ. ಬರೀ ನೀರು ಸಾಕು.

ನಾಡಿ ಸೆನ್ಸರನ್ನು ಕಿವಿ ಹಾಲೆಗೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸುವ ಯೋಜನೆ ಇತ್ತು. ಅಮ್ಮನ ಓಲೆ ಅಡ್ಡ ಬಂತು. ತೆಗೆಯಲು ಒಪ್ಪಲಿಲ್ಲ, ಒಪ್ಪಿಸಲು ನಾನೂ ಹೋಗಲಿಲ್ಲ. ಕಾಲಿನ ಎರಡನೇ ಬೆರಳಲ್ಲಿ ಕಾಲುಂಗುರ. ಉಳಿದದ್ದು ಹೆಬ್ಬೆರಳು. ವೆಲ್ಕ್ರೋ ಪಟ್ಟಿಯಲ್ಲಿ ಮೆಲ್ಲಗೆ ಕಟ್ಟಿದರೆ ನಾಡಿ ಸಿಗುತ್ತದೆ, ಬಿಗಿ ಮಾಡಿದರೆ ರಕ್ತವೇ ಓಡದೆ ಗೆರೆ ಮಟ್ಟಸವಾಗುತ್ತದೆ.

ಯಾವಾಗ ಏನಾಯಿತು ಅಂತ ಗುರುತು ಹಾಕುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಗ್ರಾಫು ಎಷ್ಟೇ ಚೆನ್ನಾಗಿರಲಿ, ಆ ಹೊತ್ತಿಗೆ ಪರದೆಯಲ್ಲಿ ಏನಿತ್ತು ಅಂತ ಗೊತ್ತಿಲ್ಲದಿದ್ದರೆ ಅದು ಬರೀ ಗೆರೆ. ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ: ಪಿನ್ ಹಾಕುವ ಪರದೆ ಭದ್ರತೆಗಾಗಿ ರೆಕಾರ್ಡಿಂಗಿನಲ್ಲಿ ಕಪ್ಪಾಗಿ ಬರುತ್ತದೆ. ಅದು ಹಾಗೇ ಇರಬೇಕು ಬಿಡಿ. ಹೊರಗಿನಿಂದ ಪರದೆಯನ್ನು ಚಿತ್ರಿಸುವುದೂ ತಪ್ಪೇ, ಪಿನ್ ಕಾಣುತ್ತದೆ. ನಾನು ಮಾಡಿದ್ದು: ಪೆಟ್ಟಿಗೆಯ ಮೇಲೆ ಒಂದು ಬಟನ್, ಒಂದು ಎಲ್‌ಇಡಿ. ಆ್ಯಪ್ ತೆರೆದಾಗ, ಮೊತ್ತ ಹಾಕಿದಾಗ, ಪಿನ್ ಶುರು, ಪಿನ್ ಮುಗಿದದ್ದು, ಫಲಿತಾಂಶ ಬಂದದ್ದು, ಹೀಗೆ ಪಕ್ಕದಲ್ಲಿ ಕೂತವರು ಒತ್ತುತ್ತಾ ಹೋಗಬೇಕು. ಪ್ರತಿ ಒತ್ತಿಗೂ ಕಾರ್ಡಿನಲ್ಲಿ ಗುರುತು ಬೀಳುತ್ತದೆ, ಎಲ್‌ಇಡಿ ಮಿನುಗುತ್ತದೆ. ಇನ್ನೊಂದು ಫೋನು ಕೂತವರ ಮುಖವನ್ನೂ ಎಲ್‌ಇಡಿಯನ್ನೂ ಮಾತ್ರ ವಿಡಿಯೋ ಮಾಡುತ್ತದೆ, ಪರದೆ ಕಾಣದ ಕೋನದಲ್ಲಿ. ಕೈಯಲ್ಲಿ ಒತ್ತುವಾಗ ಕಾಲು ಸೆಕೆಂಡು ಆಚೀಚೆ ಆಗುತ್ತದೆ, ಬೆವರಿನ ಸಿಗ್ನಲ್ ಅದಕ್ಕಿಂತ ಎಷ್ಟೋ ನಿಧಾನ, ಲೆಕ್ಕಕ್ಕೆ ಬರುವುದಿಲ್ಲ.

ಪ್ರತಿಯೊಬ್ಬರಿಗೂ ಮೊದಲು ಎರಡು ನಿಮಿಷ ಸುಮ್ಮನೆ ಕೂರುವುದು, ಆಮೇಲೆ ಒಂದು ಜೋರಾದ ದೀರ್ಘ ಉಸಿರು. ಆ ಉಸಿರಿಗೆ ಗ್ರಾಫು ಏರಲೇಬೇಕು. ಏರದಿದ್ದರೆ ಅವರ ಉಳಿದ ಗ್ರಾಫನ್ನು ನೋಡುವುದೇ ಬೇಡ. ಅಪ್ಪನದು ಏರಲಿಲ್ಲ. ಪಾದ ಒಣಗಿ ಬಿರುಕು ಬಿಟ್ಟಿದೆ. ಅಂಗೈಗೆ ಅಂಟಿಸಿದರೂ ಅಷ್ಟೇ. ಕೆಲವರಲ್ಲಿ ಈ ಸಿಗ್ನಲ್ ಇಷ್ಟೇ ಇರುತ್ತದೆ. ವಿಶೇಷ ಅಂದರೆ, ಆ್ಯಪ್ಪಿಗೆ ಅತಿ ಜಾಸ್ತಿ ಬೈದವರು ಅವರೇ. ಗ್ರಾಫು ಮಾತ್ರ ನೋಡಿದ್ದರೆ "ಬಹಳ ಶಾಂತವಾಗಿ ಬಳಸಿದರು" ಅಂತ ವರದಿ ಬರೆಯಬಹುದಿತ್ತು! ಅಪ್ಪನ ಅಂಕಿಗಳನ್ನು ಪೂರ್ತಿ ಬಿಟ್ಟೆ, ಬೈಗುಳ ಬರೆದುಕೊಂಡೆ.

ಅಳೆದದ್ದು

ಮೊದಲು ನಾನೇ ಒಂದು ನಕಲಿ ಪಾವತಿ ಪುಟ ಮಾಡಿದ್ದೆ, ಎಷ್ಟು ಸೆಕೆಂಡು ಕಾಯಿಸಬೇಕು ಅಂತ ನಾನೇ ಇಡಬಹುದಾದದ್ದು. ಯಾರ ಕಾಲೂ ಬೆವರಲಿಲ್ಲ. ಸುಳ್ಳು ದುಡ್ಡಿಗೆ ಯಾಕೆ ಬೆವರಬೇಕು? ಹಾಗಾಗಿ ನಿಜವಾದ ಬಿಲ್ಲುಗಳಿಗೆ ಬಂದೆವು: ಅಮ್ಮ ಹಾಲಿನವರಿಗೆ ಕೊಡಬೇಕಾದ ತಿಂಗಳ ದುಡ್ಡು, ಅಕ್ಕನ ಕರೆಂಟ್ ಬಿಲ್ಲು. ಮುಂದಿನ ಕೋಣೆಯಲ್ಲಿ ಒಂದು ಪಾವತಿ, ಸಿಗ್ನಲ್ ಸರಿಯಾಗಿ ಬಾರದ ಹಿಂದಿನ ಕೋಣೆಯಲ್ಲಿ ಒಂದು ಪಾವತಿ. ನಿಧಾನ ಆಗಬಹುದು ಅಂತ ಮೊದಲೇ ಹೇಳಿದ್ದೆ.

ಪಿನ್ ಹಾಕುವಾಗ ಜಾಸ್ತಿ ಏರಬಹುದು ಅಂತ ನನ್ನ ಊಹೆ. ಅಮ್ಮನಿಗೆ ಅಲ್ಲಿ ಸಣ್ಣ ಏರಿಕೆ, ಅಷ್ಟೇ. ದೊಡ್ಡದು ಬಂದದ್ದು ಪಿನ್ ಮುಗಿದು ಚಕ್ರ ತಿರುಗುತ್ತಿದ್ದಾಗ. ಇಲ್ಲೇ ಆ ತಡದ ಲೆಕ್ಕ ಬರುತ್ತದೆ. ಪಿನ್ ಮುಗಿದ ಎರಡು ಸೆಕೆಂಡಿಗೆ ಏರಲು ಶುರುವಾದ ಗುಡ್ಡ ಪಿನ್ನಿನದೋ ಕಾಯುವಿಕೆಯದೋ ಹೇಳಲು ಸಾಧ್ಯವೇ ಇಲ್ಲ, ಮುಂದಿನ ಕೋಣೆಯಲ್ಲಿ ಪಾವತಿ ಎಷ್ಟು ಬೇಗ ಮುಗಿಯುತ್ತಿತ್ತೆಂದರೆ ಅಲ್ಲಿನ ಗ್ರಾಫಿನಿಂದ ಈ ಪ್ರಶ್ನೆಗೆ ಉತ್ತರವೇ ಇಲ್ಲ, ಹಿಂದಿನ ಕೋಣೆಯಲ್ಲಿ ಮಾತ್ರ ಕಾಯುವುದು ಉದ್ದವಾದ್ದರಿಂದ ನಾಲ್ಕು ಸೆಕೆಂಡಿನ ನಂತರ ಶುರುವಾದ ಏರಿಕೆಗಳನ್ನು ಚಕ್ರದ ಖಾತೆಗೆ ಹಾಕಬಹುದಾಯಿತು. ಅಂಥವು ಅಮ್ಮನ ಗ್ರಾಫಿನಲ್ಲಿ ಒಂದರ ಮೇಲೊಂದು ಬಂದಿದ್ದವು.

ವಿಡಿಯೋ ಹಾಕಿ ತೋರಿಸಿ ಕೇಳಿದೆ, "ಇಲ್ಲಿ ಏನು ಯೋಚನೆ ಬಂತಮ್ಮಾ?" ಅಮ್ಮ ಅಂದರು: "ದುಡ್ಡು ಹೋದ್ರೆ ಹೋಗ್ಲಿ ಕಣೋ, ಹೋಯ್ತಾ ಇಲ್ವಾ ಅಂತ ಹೇಳ್ಬೇಕು ಅಲ್ವಾ. ಇನ್ನೊಂದು ಸಲ ಒತ್ತಿ ಎರಡು ಸಲ ಕಟ್ ಆದ್ರೆ ಯಾರನ್ನ ಕೇಳೋದು?" ಇದು ಯಾವ ಸೆನ್ಸರಿನಲ್ಲೂ ಬರುವುದಿಲ್ಲ. ಆದರೆ ಸೆನ್ಸರ್ ಆ ಜಾಗ ತೋರಿಸದಿದ್ದರೆ ನಾನು ಈ ಪ್ರಶ್ನೆ ಕೇಳುತ್ತಲೂ ಇರಲಿಲ್ಲ. ಪಾವತಿ ಮುಗಿದ ಕೂಡಲೇ ಕೇಳಿದ್ದಾಗ ಅಮ್ಮ ಹೇಳಿದ್ದು "ಚೆನ್ನಾಗೇ ಇತ್ತಪ್ಪ", ಐದು ನಕ್ಷತ್ರ!

ಅಕ್ಕನದು ಬೇರೆ ಕಥೆ. ಅವಳ ಅತಿ ಎತ್ತರದ ಏರಿಕೆ ಬಂದದ್ದು ಎಲ್ಲ ಮುಗಿದ ಮೇಲೆ, ಕ್ಯಾಶ್‌ಬ್ಯಾಕ್ ಸ್ಕ್ರ್ಯಾಚ್ ಕಾರ್ಡ್ ಬಂದಾಗ. ಅಮ್ಮನ ಆತಂಕದ ಗುಡ್ಡವನ್ನೂ ಅಕ್ಕನ ಸ್ಕ್ರ್ಯಾಚ್ ಕಾರ್ಡ್ ಗುಡ್ಡವನ್ನೂ ಹೆಸರು ಮುಚ್ಚಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಮೈ ಎಚ್ಚೆತ್ತಿತು ಅಂತ ಮಾತ್ರ ಬೆವರು ಹೇಳುತ್ತದೆ. ಖುಷಿಗೋ ಕಿರಿಕಿರಿಗೋ ಹೇಳುವುದಿಲ್ಲ. ಬೆವರು ನೋಡಿ "ಗ್ರಾಹಕರ ಸಂತೋಷ" ಅಳೆದೆವು ಅನ್ನುವ ಜಾಹೀರಾತು ಕಂಡರೆ ನಂಬಬೇಡಿ.

ಎಂಐಟಿಯ ರೊಸಾಲಿಂಡ್ ಪಿಕಾರ್ಡ್ ತಂಡ 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೇ ದಾರಿಯದು. ಕಂಪ್ಯೂಟರಿನಲ್ಲಿ ಆಟ ಆಡಿಸುತ್ತಾ ನಡುನಡುವೆ ಬೇಕಂತಲೇ ಮೌಸ್ ಕೆಲಸ ಮಾಡದ ಹಾಗೆ ಮಾಡಿ, ಆಡುವವರ ಚರ್ಮದ ವಾಹಕತೆಯನ್ನೂ ನಾಡಿಯನ್ನೂ ಅಳೆದರು. ಅಲ್ಲಿ ಯಾವಾಗ ಕೆಡಿಸಬೇಕು ಅನ್ನುವುದು ಅವರ ಕೈಯಲ್ಲಿತ್ತು, ಹಾಗಾಗಿ ಯಾವ ಏರಿಕೆ ಯಾವುದರದು ಅಂತ ಹುಡುಕಲು ಒಂದು ಹಿಡಿ ಇತ್ತು. ನನ್ನ ಹಿಂದಿನ ಕೋಣೆ ಅದರ ಬಡ ಆವೃತ್ತಿ.

ನಾಡಿಯ ವಿಷಯ ಇನ್ನೂ ವಿಚಿತ್ರ. ಟೆನ್ಷನ್ ಆದರೆ ಎದೆ ಡವಡವ ಅಂತ ತಾನೇ ನಾವೆಲ್ಲ ಅಂದುಕೊಂಡಿರುವುದು. ಚಕ್ರ ತಿರುಗುವಾಗ ಅಕ್ಕನ ನಾಡಿ ಸ್ವಲ್ಪ ಇಳಿಯಿತು. ಸೆನ್ಸರ್ ಸಡಿಲವಾಗಿರಲಿಲ್ಲ. ಏನೋ ಬರುತ್ತದೆ ಅಂತ ಕಣ್ಣಿಟ್ಟು ಕಾಯುವಾಗ ಹೃದಯದ ಬಡಿತ ಕೆಲವು ಗಳಿಗೆ ನಿಧಾನವಾಗುವುದು ಚೆನ್ನಾಗಿ ತಿಳಿದಿರುವ ವಿಷಯವೇ. ಬಡಿತ ಬಡಿತಗಳ ನಡುವಿನ ಏರಿಳಿತವನ್ನು ಲೆಕ್ಕ ಹಾಕಿ ಒತ್ತಡ ಹೇಳುವ ಕ್ರಮ ಇದೆಯಲ್ಲ, ವಾಚುಗಳಲ್ಲೆಲ್ಲ ಬರುವುದು, ಅದನ್ನು ಇಲ್ಲಿ ಬಿಟ್ಟೆ. 1996ರಲ್ಲಿ ಹೃದಯತಜ್ಞರ ಸಂಘಗಳು ಕೊಟ್ಟ ಮಾರ್ಗಸೂಚಿಯಲ್ಲಿ ಅದಕ್ಕೆ ಐದು ನಿಮಿಷದ ದಾಖಲೆ ಬೇಕು ಅಂತಿದೆ. ನಮ್ಮ ಪಾವತಿ ಒಂದು ನಿಮಿಷವೂ ಇಲ್ಲ. ಬಿಪಿ ಮಾತ್ರೆ ತಗೊಳ್ಳುವವರ ನಾಡಿಯನ್ನೂ ಹುಷಾರಾಗಿ ನೋಡಬೇಕು, ಕೆಲವು ಮಾತ್ರೆಗಳು ಬಡಿತ ಏರದ ಹಾಗೆ ತಡೆಯುತ್ತವೆ.

ಲೆಕ್ಕಕ್ಕೆ ಪೈಥಾನಿನಲ್ಲಿ ನ್ಯೂರೋಕಿಟ್2 ಬಳಸಿದೆ, ಉಚಿತ. ನಿಧಾನವಾಗಿ ತೇಲುವ ಮಟ್ಟವನ್ನೂ ಬೇಗ ಏಳುವ ಗುಡ್ಡಗಳನ್ನೂ ಬೇರ್ಪಡಿಸಿ ಕೊಡುತ್ತದೆ. ಕೆಮ್ಮಿದ್ದು, ಕಾಲು ಅಲ್ಲಾಡಿಸಿದ್ದು, ಕುಕ್ಕರ್ ಕೂಗಿದ್ದು ಎಲ್ಲಕ್ಕೂ ಗುಡ್ಡ ಏಳುವುದರಿಂದ ವಿಡಿಯೋ ನೋಡಿ ಅವನ್ನು ಕೈಯಾರೆ ಅಳಿಸಬೇಕು.

ಪೆಟ್ಟಿಗೆ ನೋಡಿದ ನೆಂಟರೆಲ್ಲ ಕೇಳುವುದು ಒಂದೇ, "ಇದು ಸುಳ್ಳು ಹಿಡಿಯೋ ಮಷೀನಾ?" ಆ ಮಷೀನಿನಲ್ಲಿರುವ ಒಂದು ಗೆರೆ ಇದೇ, ನಿಜ. ಸುಳ್ಳು ಪತ್ತೆ, ಮಂಪರು, ಮಿದುಳಿನ ಮ್ಯಾಪಿಂಗ್ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಹೇಳಿದೆ, ಅದು ಪೊಲೀಸರ ತನಿಖೆಯ ಮಾತು. ಮನೆಯಲ್ಲೂ ನಾನು ಅದನ್ನೇ ಪಾಲಿಸುತ್ತೇನೆ: ಕೇಳಿ ಅಂಟಿಸುವುದು, ಬೇಡ ಅಂದ ಕೂಡಲೇ ಕಿತ್ತು ಕಾರ್ಡಿನಿಂದ ಅಳಿಸುವುದು.

ಬಾಕಿ ಇರುವ ಕೆಲಸ ಹೆಬ್ಬೆರಳಿನದು. ವೆಲ್ಕ್ರೋ ಒಬ್ಬೊಬ್ಬರಿಗೂ ಒಂದೊಂದು ಬಿಗಿ, ಅಮ್ಮನ ನಾಡಿ ಅರ್ಧ ಹೊತ್ತು ಸಿಕ್ಕಿಲ್ಲ. ಸೆನ್ಸರಿನ ಸುತ್ತ ಮೆತ್ತನೆ ಫೋಮ್ ಅಂಟಿಸಿ, ಬೆಳಕು ಒಳಬಾರದ ಹಾಗೆ ಮೇಲೆ ಕಪ್ಪು ಬಟ್ಟೆ ಹೊಲಿದು ನೋಡಬೇಕು. ಎಲೆಕ್ಟ್ರೋಡಿಗೆ ಸರಿಯಾದ ಜೆಲ್ ಎಲ್ಲಿ ಬಿಡಿಯಾಗಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.